ಸದ್ದು ನಿಂತರೆ ಎಚ್ಚರ

ನಿಮ್ಮ ಹೃದಯ, ನನ್ನ ಮೂತ್ರಪಿಂಡ ಎಲ್ಲ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿರುತ್ತವೆ. ನಮ್ಮ ದೊಡ್ಡಪ್ಪನವು ಹಾಗಲ್ಲ! ಅವರ ಅಪ್ಪಣೆಯಿಲ್ಲದೆ ಒಂದು ತೊಟ್ಟು ಬೆವರೂ ಹೊರಬರುವಂತಿಲ್ಲ. ಕನಿಷ್ಠ ಪಕ್ಷ, ಅವರ ನಂಬಿಕೆ ಹಾಗಿದೆ.

ದೊಡ್ಡಬಳ್ಳಾಪುರದ ಅವರ ಮನೆಗೆ ಅಂಟಿಕೊಂಡೇ ಮಗ್ಗದ ಶೆಡ್ಡಿದೆ. ಮಗ್ಗದ ಮನೆಗಳಲ್ಲಿ ಸದ್ದಿಗೆ ಯಾರೂ ಏಳುವುದಿಲ್ಲ, ತೊಟ್ಟಿಲ ಕೂಸು ಕೂಡ. ಸದ್ದು ನಿಂತರೆ ಮಾತ್ರ ಎಲ್ಲರೂ ಬೆಚ್ಚಿ ಏಳುತ್ತಾರೆ. ಆ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ದೊಡ್ಡಪ್ಪನ ಗಂಟಲು ಅದೇ ಎತ್ತರದಲ್ಲಿ ನಿಂತುಬಿಟ್ಟಿದೆ. ಸಾವಿನ ಮನೆಯಲ್ಲಿ ಅವರು ಗುಟ್ಟಾಗಿ ಹೇಳಿದ್ದು ಪಕ್ಕದ ಬೀದಿಗೂ ಕೇಳುತ್ತದೆ!

ಒಮ್ಮೆ ಬಸ್ಸಿನಲ್ಲಿ, ಬಿಸಿಲು ಬೀಳುವ ಕಡೆಯೇ ಹುಡುಕಿ ಕೂತರು. ಅದು ದೇವನಹಳ್ಳಿಯ ದಾರಿ ಎಂದು ನಾನು, ನೆಲಮಂಗಲದ್ದು ಎಂದು ದೊಡ್ಡಮ್ಮ. ನೆನಪನ್ನು ಅಷ್ಟೆಲ್ಲ ನಂಬಬಾರದು, ಬಿಡಿ. ಬೆವರಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

"ನೋಡ್ತಾ ಇರು. ಮೈ ಕಾದದ್ದು ಮೆದುಳಿಗೆ ಗೊತ್ತಾಯ್ತು. ರಕ್ತ ಚರ್ಮದ ಕಡೆ ಹೊಂಟೈತೆ. ಈಗ ಬೆವರು... ಬಂತು! ಇನ್ನು ತಂಪು."

ಪಕ್ಕದಲ್ಲಿದ್ದವರು ಅಂಗಿ ತೋಳು ಒರೆಸಿಕೊಂಡರು. "ಯಜಮಾನ್ರೇ, ತಂಪು ನಿಮಗಾಯ್ತು. ಒದ್ದೆ ಆಗಿದ್ದು ನಾನು!"

ಚಳಿಗಾಲದಲ್ಲಿ ಇನ್ನೊಂದು ಪ್ರಯೋಗ. ಮುಂಜಾನೆ ಬರೀ ಬನಿಯನ್ನಿನಲ್ಲಿ ಅಂಗಳಕ್ಕಿಳಿದು ಗಡಗಡ ನಡುಗುತ್ತಾ ನಿಲ್ಲುವುದು. ಶಾಲು ಕೊಟ್ಟರೆ ಸಿಟ್ಟು! "ಮಾಂಸಖಂಡ ಕುಣಿದ್ರೆ ತಾನೇ ಬಿಸಿ ಹುಟ್ಟೋದು? ಶಾಲು ಹೊದ್ದು ಅವುಕ್ಕೆ ಸೋಮಾರಿತನ ಕಲಿಸ್ಲಾ?"

ದೊಡ್ಡಮ್ಮ ಕೊಡ ತಂದು ಮುಂದಿಟ್ಟರು. "ಕುಣೀಲಿ ಬಿಡಿ. ಕುಣೀತಾ ಕುಣೀತಾ ನೀರು ತಂದ್ಬಿಡಿ. ಇನ್ನೂ ಬಿಸಿ ಹುಟ್ತದೆ."

ಸಕ್ಕರೆ ಕಾಯಿಲೆ ಬಂದದ್ದು ಇಂಥವರಿಗೆ! ಬೇರೆಯವರಾಗಿದ್ದರೆ ಕುಗ್ಗುತ್ತಿದ್ದರು. ಇವರು ಆಸ್ಪತ್ರೆಯಿಂದ ಹಬ್ಬದ ಮುಖ ಮಾಡಿಕೊಂಡು ಬಂದರು.

"ಊಟ ಮಾಡಿದಾಗ ಸಕ್ಕರೆ ಏರ್ತದೆ ಕಣೋ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಟ್ಟು ಇಳಿಸ್ತದೆ. ಜಾಸ್ತಿ ಇಳಿದ್ರೆ ಲಿವರ್ರು ತನ್ನ ಸಕ್ಕರೆ ಗೋಡೌನ್ ಬೀಗ ತೆಗೀತದೆ. ನನ್ನ ಗ್ರಂಥಿ ಈಗ ರಜಾ ಹಾಕೈತೆ. ಇನ್ಮೇಲೆ ಆ ಕೆಲ್ಸ ನೀವೇ ನೋಡ್ಕೋಬೇಕು ಅಂದ್ರು ಡಾಕ್ಟ್ರು. ಕೊನೆಗೂ ಒಪ್ಕೊಂಡ್ರು ನೋಡು, ನಾನೇ ಇನ್‌ಚಾರ್ಜು!"

ದೊಡ್ಡಮ್ಮ ನಗಲಿಲ್ಲ. "ಸೂಜಿ ಚುಚ್ಕೊಂಡ ಮೇಲೆ ತಟ್ಟೆ ಮುಂದೆ ಕೂರ್ಬೇಕು. ಅಷ್ಟು ಮಾಡಿ ಸಾಕು, ಇನ್‌ಚಾರ್ಜ್ ಸಾಹೇಬ್ರೇ."

ಅದೊಂದೇ ಅವರಿಂದ ಆಗಲಿಲ್ಲ. ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋಗಿದ್ದೆ. ಮುದ್ದೆ ಬೇಯುತ್ತಿತ್ತು. ದೊಡ್ಡಪ್ಪ ಸೂಜಿ ಚುಚ್ಚಿಕೊಂಡು, "ನಾಲ್ಕು ಎಳೆ ಹೊಸೆದು ಬರ್ತೀನಿ" ಎಂದು ಶೆಡ್ಡಿಗೆ ಹೋದರು. ಮಗ್ಗದಲ್ಲಿ ಉದ್ದದ ಎಳೆಗಳ ಹಳೆಯ ಹಾಸು ಮುಗಿದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಕೈಯಿಂದಲೇ ಹೊಸೆದು ಸೇರಿಸಬೇಕು. ಕೂತವರು ಅಂಚಿನಿಂದ ಅಂಚು ಮುಟ್ಟುವವರೆಗೆ ಏಳಬಾರದೆಂಬುದು ಅವರಪ್ಪ ಹಾಕಿಕೊಟ್ಟ ನೇಮ. ನಾಲ್ಕು ಎಳೆಗೆ ಎದ್ದು ಬರುವವರುಂಟೇ? ಉಳಿದ ಮಗ್ಗಗಳ ಅಬ್ಬರದ ನಡುವೆ ಅವರ ಭಾಷಣ ಕೇಳಿಬರುತ್ತಿತ್ತು.

ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದ ದೊಡ್ಡಮ್ಮನ ಕೈ ತಟ್ಟನೆ ನಿಂತಿತು.

"ಸದ್ದು ನಿಂತೋಯ್ತಲ್ಲೋ!"

"ಇಲ್ವಲ್ಲ ದೊಡ್ಡಮ್ಮ, ಮಗ್ಗ ಓಡ್ತಾನೇ ಇದೆ."

"ಮಗ್ಗ ಅಲ್ಲ ಕಣೋ, ನಿಮ್ ದೊಡ್ಡಪ್ಪ!"

ಸಕ್ಕರೆ ಡಬ್ಬ ಎತ್ತಿಕೊಂಡು, ಕೈಗಂಟಿದ ಹಿಟ್ಟಿನಲ್ಲೇ ಓಡಿದರು. ದೊಡ್ಡಪ್ಪ ಬೆವರಿನಲ್ಲಿ ತೊಯ್ದು ಕೂತಿದ್ದರು. ನಡುಗುವ ಬೆರಳುಗಳು ಇಲ್ಲದ ಎಳೆಯೊಂದನ್ನು ಗಾಳಿಯಲ್ಲಿ ಹೊಸೆಯುತ್ತಿದ್ದವು. ನನ್ನನ್ನು ನೋಡಿ, "ಯಾರಪ್ಪಾ ನೀನು?" ಎಂದರು. ಅಷ್ಟು ಮೆಲ್ಲಗಿನ ದನಿ ಅವರಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಸಕ್ಕರೆ ನೀರು ಗುಟುಕು ಗುಟುಕಾಗಿ ಇಳಿಯಿತು. ಸ್ವಲ್ಪ ಹೊತ್ತಿಗೆ ಗಂಟಲು ತನ್ನ ಎತ್ತರಕ್ಕೆ ಮರಳಿತು. "ನೋಡ್ದೇನೋ? ಸಕ್ಕರೆ ಇಳಿದದ್ದೇ ತಡ, ಎದೆ ಡವಡವ, ಬೆವರು, ನಡುಕ, ಎಲ್ಲಾ ಸೇರಿ ಗಂಟೆ ಹೊಡೆದ್ವು! ಎಂಥಾ ವ್ಯವಸ್ಥೆ!"

"ಹೊಡೆದ್ವು," ಎಂದರು ದೊಡ್ಡಮ್ಮ. ಸೆರಗಿನಿಂದ ಅವರ ಹಣೆ ಒರೆಸಿದರು. "ಕೇಳಿಸ್ಕೊಂಡಿದ್ದು ಯಾರು?"

ದೊಡ್ಡಪ್ಪ ಎಳೆ ಬಿಟ್ಟು ಎದ್ದು, ತಟ್ಟೆಯ ಮುಂದೆ ಕೂತರು.

ಮೊನ್ನೆ ಹೋದಾಗ ಅವರು ಊಟ ಮುಗಿಸಿ ಮಗ್ಗದ ಮುಂದೆ ಕೂತಿದ್ದರು. ಹತ್ತಿರ ಯಾರೂ ಇಲ್ಲ. ಆದರೂ ಮೂತ್ರಪಿಂಡದ ವಿಷಯವಾಗಿ ಜೋರು ಭಾಷಣ! ನಾನು ಬಗ್ಗಿ ಅವರ ಕಿವಿಯಲ್ಲಿ ಕೇಳಿದೆ: "ಯಾರಿಗೆ ಹೇಳ್ತಾ ಇದೀರ ದೊಡ್ಡಪ್ಪ?"

ಅವರು ಮನೆಯ ಕಡೆಗೆ ಗದ್ದ ಎತ್ತಿ ತೋರಿಸಿದರು. ನಡುಮನೆಯಲ್ಲಿ ದೊಡ್ಡಮ್ಮ ಚಾಪೆಯ ಮೇಲೆ ಒರಗಿದ್ದರು.

"ಪಿಸುಗುಡಬೇಡ್ವೋ, ಗಟ್ಟಿಯಾಗಿ ಮಾತಾಡು! ನಿಮ್ ದೊಡ್ಡಮ್ಮ ಈಗ್ತಾನೇ ಮಲಗವ್ಳೆ."