ಅಕ್ಕಮ್ಮನವರು ಕೋಟೆ ನೋಡಿಲ್ಲವೆಂಬ ಬಗ್ಗೆ

ಫ್ರಾನ್ಸಿನ ಕೋಟೆಯೊಂದರ ಒಳಗೆ ಹೋಗಿಬಂದ ಅಕ್ಕಮ್ಮನನ್ನು, ಹೊರಗೇ ನಿಂತು ಬಂದವರೆಲ್ಲ ಸೇರಿ 'ಕೋಟೆ ನೋಡಿಲ್ಲ' ಎಂದು ತೀರ್ಮಾನಿಸಿದ್ದಾರೆ. ಇದು ಅನ್ಯಾಯ. ಎಡಿಸನ್ ಊರಿನಲ್ಲಿ, ಹಾಡಹಗಲು, ಕೇಸರಿಬಾತ್ ಹಂಚಿಕೊಂಡು ಮಾಡಿದ ಅನ್ಯಾಯ.

ಎಡಿಸನ್ ಸುತ್ತಲಿನ ಅಮೆರಿಕನ್ನಡಿಗ ಗೆಳೆಯರ ಬಳಗ ರಜೆಗೆ ಫ್ರಾನ್ಸಿಗೆ ಹೋಗಿತ್ತು. ಪ್ರವಾಸ ಸಮಿತಿಗೆ ಪುಟ್ಟಸ್ವಾಮಿ ಅಧ್ಯಕ್ಷರು. ಪಕ್ಕದೂರು ಬಾಸ್ಕಿಂಗ್ ರಿಡ್ಜ್‌ನಲ್ಲಿ ಮ್ಯಾನೇಜರ್ ಆಗಿರುವುದರಿಂದ ಫ್ರಾನ್ಸನ್ನೂ ಮ್ಯಾನೇಜ್ ಮಾಡಬಲ್ಲರೆಂದು ನಂಬಲಾಗಿತ್ತು. ವಿಮಾನ ಇಳಿದೊಡನೆ ಅವರು ನಿಯಮ ಹೇಳಿದರು: ಗುಂಪು ಫೋಟೋ ಆಗುವ ತನಕ ಯಾರೂ ಕೋಟೆಯನ್ನು ಪ್ರವೇಶಿಸತಕ್ಕದ್ದಲ್ಲ. ಗುಂಪು ಪೂರ್ತಿಯಾಗದೆ ಫೋಟೋ ತೆಗೆಯತಕ್ಕದ್ದಲ್ಲ. ಫೋಟೋದಲ್ಲಿ ಇಲ್ಲದವರು ಅಲ್ಲಿಗೆ ಹೋಗಿರತಕ್ಕದ್ದಲ್ಲ.

ಸಮರ್‌ಸೆಟ್‌ನ ಅಕ್ಕಮ್ಮ ಮೂಲತಃ ಧಾರವಾಡದ ಹೆಣ್ಣುಮಗಳು. ಒಂದು ಕೋಟೆಯಲ್ಲಿ ಎರಡು ಮೆಟ್ಟಿಲ ಸಾಲು ಒಂದನ್ನೊಂದು ಸುತ್ತಿಕೊಂಡು ಏರುತ್ತವಂತೆ. ಹತ್ತುವವರಿಗೆ ಇಳಿಯುವವರು ಎದುರಾಗುವುದೇ ಇಲ್ಲವಂತೆ. ಮೊಣಕಾಲು ಪೂರ್ತಿ ಕೈಬಿಡುವ ಮೊದಲು ಅದನ್ನೊಮ್ಮೆ ಹತ್ತಬೇಕು. ಆಕೆ ಹೊರಟದ್ದೇ ಅದಕ್ಕೆ.

ಮೊದಲ ಕೋಟೆಯ ಮುಂದೆ ಬಳಗದ ರಾಜ್ ರೆಸ್ಟ್‌ರೂಮಿಗೆ ಹೋದ. ಅವನು ಬರುವಷ್ಟರಲ್ಲಿ ಅರ್ಪಿತಾ ಅಂಗಡಿ ಹೊಕ್ಕಳು. ಅವಳು ಬಂದಾಗ ಸೂರ್ಯ ಮೋಡದ ಹಿಂದಿದ್ದ. ಸೂರ್ಯ ಬಂದಾಗ ಊಟದ ಹೊತ್ತು. ಬಸ್ಸಿನ ಪಕ್ಕ ಬಿಸಿಬೇಳೆಬಾತ್ ಉಂಡು, ಫೋಟೋ ಮುಗಿಸುವಷ್ಟರಲ್ಲಿ ಕೋಟೆಯ ಬಾಗಿಲು ಹಾಕಿತ್ತು. "ಈ ಕೋಟೆ ಆಯ್ತು!" ಎಂದು ಘೋಷಿಸಿ ಪುಟ್ಟಸ್ವಾಮಿ ಎಲ್ಲರನ್ನೂ ಬಸ್ ಹತ್ತಿಸಿದರು. ಮಿಕ್ಕ ಕೋಟೆಗಳೂ ಹೀಗೇ ಆದವು.

ಕೊನೆಗೆ ಉಳಿದದ್ದು ಮೆಟ್ಟಿಲಿನ ಕೋಟೆ.

"ಒಳಗ ಯಾವಾಗ ಬಿಡ್ತೀಪಾ, ಪುಟ್ಟಸ್ವಾಮಿ?"

"ಒಂದೇ ನಿಮಿಷ ಆಂಟಿ, ರಾಜ್ ರೆಸ್ಟ್‌ರೂಮಿಂದ ಬರ್ಲಿ."

"ಅಂವಾ ಫ್ರಾನ್ಸಿಗೆ ಬಂದದ್ದು ಅದಕ್ಕs ಏನು? ನನ್ನ ಮೊಣಕಾಲು ಕಾಯಂಗಿಲ್ಲ."

ಅಕ್ಕಮ್ಮ ಟಿಕೆಟ್ ತಗೊಂಡು ನಡೆದೇಬಿಟ್ಟಳು. ಗೋಡೆ ಹಿಡಿದು ಹತ್ತಿದಳು, ಕೂತಳು, ಮತ್ತೆ ಹತ್ತಿದಳು. ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಪುಟ್ಟಸ್ವಾಮಿ ಎತ್ತರದವರನ್ನು ಹಿಂದಿನ ಸಾಲಿಗೆ ತಳ್ಳುತ್ತಿದ್ದರು. ಕೈ ಬೀಸಿದಳು. ಯಾರೂ ತಲೆ ಎತ್ತಲಿಲ್ಲ, ತಲೆ ಎಣಿಸಲೂ ಇಲ್ಲ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು.

ಊರಿಗೆ ಮರಳಿದ ಮೇಲೆ ಎಡಿಸನ್ನಿನ ಹಾಲ್‌ನಲ್ಲಿ ಕೋಟೆಗಳನ್ನೆಲ್ಲ ಕಂಡವರಿಗೆ ಶಾಲು ಹೊದಿಸುವ ಸಮಾರಂಭ. ಅಕ್ಕಮ್ಮನನ್ನು ಮಾತ್ರ ವೇದಿಕೆಗೆ ಕರೆಯಲಿಲ್ಲ.

"ನನ್ನ ಯಾಕ ಬಿಟ್ರಿ?"

"ಮೆಟ್ಟಿಲಿನ ಕೋಟೆಗೆ ನೀವು ಬಂದೇ ಇಲ್ಲ ಆಂಟಿ. ಫೋಟೋ ನೋಡಿ," ಎಂದರು ಪುಟ್ಟಸ್ವಾಮಿ.

"ಮ್ಯಾಲ ನಿಂತು ಕೈ ಬೀಸೀನಲ್ಲೋ!"

"ಅದೇ ಪ್ರಾಬ್ಲಮ್ ಆಗಿದ್ದು. ಒಳಗಿದ್ದವರಿಗೆ ಕೋಟೆ ಹೇಗೆ ಕಾಣುತ್ತೆ? ಬರೀ ಗೋಡೆ ಕಾಣುತ್ತೆ."

ಸಭೆ ತಲೆದೂಗಿತು. ಪಕ್ಕದಲ್ಲಿದ್ದ ಖತೀಜಾ ಅಕ್ಕಮ್ಮನ ಕೈ ಹಿಡಿದು, "ಪಾಪ, ಅಷ್ಟು ದೂರ ಹೋಗಿ ಏನೂ ನೋಡ್ಲಿಲ್ಲ ನೀವು," ಎಂದು ಮನಸಾರೆ ಮರುಗಿದಳು.

ಸಮಿತಿಗೂ ಕರುಣೆ ಇತ್ತು. ಕೋಟೆಯ ಚಿತ್ರವಿದ್ದ ಪರದೆ ತರಿಸಿ, ಅದರ ಮುಂದೆ ಅಕ್ಕಮ್ಮನನ್ನು ನಿಲ್ಲಿಸಿ ಫೋಟೋ ತೆಗೆದರು. ಸದರಿಯವರು ಈ ಕ್ಷಣದಿಂದ ಕೋಟೆಯನ್ನು ನೋಡಿರುತ್ತಾರೆಂದು ಠರಾವಾಯಿತು. ಶಾಲು ಬಿತ್ತು, ಚಪ್ಪಾಳೆ ಬಿತ್ತು. ಅಕ್ಕಮ್ಮ ಕೂತು ಮೊಣಕಾಲು ಒತ್ತಿಕೊಂಡಳು.

"ನಿಂತು ನಿಂತು ನೋವಾಯ್ತಾ?" ಖತೀಜಾ ಕೇಳಿದಳು.

"ಹೂಂ," ಅಂದಳು ಅಕ್ಕಮ್ಮ. "ನಿಂತದ್ದಕ್ಕs. ಹತ್ತಿದ್ದಕ್ಕಲ್ಲ."

ಓದುವವರೇ, ನಗಬೇಡಿ. ಮುಂದಿನ ಲಾಂಗ್ ವೀಕೆಂಡಿಗೆ ನೀವೂ ಯಾವುದೋ ಬಾಗಿಲ ಮುಂದೆ ನಿಂತಿರುತ್ತೀರಿ. 'ಎಲ್ಲರೂ ಬರಲಿ' ಎಂದು ಯಾರೋ ಕೂಗುತ್ತಾರೆ. ಕೂಗಲಿ ಬಿಡಿ. ನೀವು ಒಳಗೆ ನಡೆಯಿರಿ.