ಜೇನುಹುಳ ಕಂಡ ನನ್ನ ತೋಟ

ಯಾರಾದರೂ ನನ್ನನ್ನು ಸೋಮಾರಿ ಎಂದರೆ ಮೈಯೆಲ್ಲ ಉರಿಯುತ್ತದೆ. ಜಗಳಗಂಟ ಅನ್ನಲಿ, ಜಿಪುಣ ಅನ್ನಲಿ, ನುಂಗಿಕೊಳ್ಳುತ್ತೇನೆ. ಓದು ಬಿಟ್ಟು ಚಿಕ್ಕಂದಿನಲ್ಲೇ ನೇಗಿಲು ಹಿಡಿದವನು ನಾನು. ನನ್ನ ತೋಟದಲ್ಲಿ ಕಾಯಿ ಬಿದ್ದರೆ ಯಾವ ಮರದ ಬುಡದಲ್ಲಿದೆ ಎಂದು ರಸ್ತೆಯಿಂದಲೇ ಕಾಣಬೇಕು, ಅಷ್ಟು ಚೊಕ್ಕಟವಾಗಿ ಉತ್ತಿರುತ್ತೇನೆ. ನಮ್ಮ ಕಡೆ ಗಂಡಸಿನ ಮರ್ಯಾದೆ ಇರುವುದು ಮುಖದಲ್ಲಲ್ಲ, ತೆಂಗಿನ ಸಾಲುಗಳ ನಡುವಿನ ನೆಲದಲ್ಲಿ.

ಅಂಥ ಮರ್ಯಾದೆಯನ್ನು ಹೆಬ್ಬೆರಳಿನಷ್ಟೂ ಇಲ್ಲದ ಒಂದು ಹಳದಿ ಕಾಡುಹೂ ತೆಗೆಯಿತು. ನನ್ನ ತಂಗಿಯ ಮಗಳು ವೀಣಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಾಳೆ. ಎಳನೀರು ಕುಡಿಯಲು ಬಂದವಳು ಆ ಹೂ ಕಂಡು ಮಂಡಿಯೂರಿ ಕೂತೇಬಿಟ್ಟಳು. ಬಲು ಅಪರೂಪದ್ದಂತೆ, ಈ ಸೀಮೆಯಲ್ಲಿ ಅವಳು ಕಂಡೇ ಇರಲಿಲ್ಲವಂತೆ. "ಬೀಜ ಉದುರೋವರ್ಗೂ ತೋಟ ಉಳ್ಬೇಡ ಮಾವ" ಎಂದಳು. ತಂಗಿಯ ಮಗಳಿಗೆ ಇಲ್ಲ ಅನ್ನುವುದು ಹೇಗೆ? ಟಿಲ್ಲರ್ ಕೊಟ್ಟಿಗೆ ಸೇರಿತು. ಮಳೆ ಹೊಡೆದು ಕಳೆ ಮೊಣಕಾಲುದ್ದ ಎದ್ದಿತು.

ಅವಳು ಹೂವಿನ ಫೋಟೋ ತೆಗೆದು, ಕೆಳಗೆ ನನ್ನ ಹೆಸರನ್ನೂ ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಟೀ ಅಂಗಡಿಯಲ್ಲಿ ಪಕ್ಕದ ಬೀದಿಯ ನಿಂಗಣ್ಣ ಅದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಎಲ್ಲರಿಗೂ ತೋರಿಸುತ್ತಿದ್ದ. "ಹೂವ ಬುಡ್ರಲಾ, ಹಿಂದ್ಗಡೆ ನೋಡಿ. ಎಮ್ಮೆ ನುಗ್ಗುದ್ರೆ ಬಾಲ ಕಾಣಕಿಲ್ಲ. ಕೈಲಾಗ್ತಿಲ್ಲ ಅಂತ ಕಾಣ್ತದೆ, ಪಾಪ." ಆ ಪಾಪ ಎಂಬ ಮಾತಿಗೆ ಅವನ ಟೀ ಲೋಟ ಕಿತ್ತು ಎಸೆಯಬೇಕು ಅನ್ನಿಸಿತು. ಮನೆಗೆ ಬಂದು, ಈಗಲೇ ಉತ್ತುಬಿಡುತ್ತೇನೆ ಎಂದು ಹೆಂಡತಿಯ ಮೇಲೆ ಹಾರಾಡಿದೆ. ಅವಳು ಟಿಲ್ಲರಿನ ಕೀಲಿ ಬಚ್ಚಿಟ್ಟಳು.

ಮತ್ತೆ ವೀಣಾ ಬಂದಳು. ಈ ಸಲ ಕ್ಯಾಮೆರಾದ ಮುಂದೆ ಕರಿ ಗಾಜು. ಬಿಸಿಲಿನಲ್ಲಿ ನೇರಳಾತೀತ ಅನ್ನುವ ಬೆಳಕೊಂದು ಇದೆಯಂತೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ, ಜೇನುಹುಳಕ್ಕೆ ಕಾಣುತ್ತದಂತೆ. ಆ ಗಾಜು ಆ ಬೆಳಕನ್ನಷ್ಟೇ ಒಳಗೆ ಬಿಡುತ್ತದಂತೆ. ಊರಿನ ಕಣ್ಣಿಗೆ ಬಿದ್ದದ್ದು ಸಾಲದೆ ಇನ್ನು ಹುಳದ ಕಣ್ಣಿಗೂ ಬೀಳಬೇಕೇನವ್ವ ಎಂದು ರೇಗಿದೆ. ಅವಳು ಫೋಟೋ ತೆಗೆದು ತೋರಿಸಿದಳು. ಹಳದಿ ಹೂವಿನ ಅಂಚು ಬೆಳ್ಳಗೆ ಹೊಳೆಯುತ್ತಿತ್ತು, ನಡುವೆ ಕಾಡಿಗೆ ಇಟ್ಟಂತೆ ಕರೀ ಬೊಟ್ಟು. ಜೇನು ಬಂದು ಇಳಿಯುವ ಗುರುತಂತೆ ಅದು.

ನಾನು ನೋಡಿದ್ದು ಹೂವಿನ ಹಿಂದೆ ಕಾಣುವ ತೋಟವನ್ನು. ಹಸಿರೆಲೆ ಆ ಬೆಳಕನ್ನು ಕುಡಿದುಬಿಡುತ್ತದಂತೆ. ಒಂದು ಕಳೆಯೂ ಕಾಣಲಿಲ್ಲ. ಈಗತಾನೆ ಉತ್ತ ಎರೆಭೂಮಿಯ ಹಾಗೆ ಎಲ್ಲ ಕಪ್ಪು. ಮಾನವಂತ ಕಣ್ಣು ಅಂದರೆ ಹುಳದ್ದೇ ಅನ್ನಿಸಿತು. "ಇದ್ನ ಹಾಕವ್ವ ಗುಂಪಿಗೆ, ಈಗ್ಲೇ" ಎಂದೆ. ಜನಕ್ಕೆ ಅರ್ಥವಾಗುವುದಿಲ್ಲ ಮಾವ, ವಿವರಿಸಿ ಬರೆಯುತ್ತೇನೆ ಎಂದಳು. ವಿವರ ಗಿವರ ಬೇಡ ಎಂದು ಗದರಿ ಬರೀ ಫೋಟೋ ಹಾಕಿಸಿದೆ.

ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಟೀ ಅಂಗಡಿಗೆ ಹೋದೆ. ಯಾರೂ ನಗಲಿಲ್ಲ. ನಿಂಗಣ್ಣ ಎದ್ದು ಬೆಂಚು ಬಿಟ್ಟುಕೊಟ್ಟು ನನ್ನ ಕೈ ಹಿಡಿದುಕೊಂಡ. "ತೋಟಕ್ಕೆ ಬೆಂಕಿ ಯಾವಾಗ ಬಿತ್ತಲಾ? ಒಂದ್ಮಾತು ಕೂಗಿದ್ರೆ ಕೊಡ ಹಿಡ್ಕಂಡು ಬತ್ತಿರ್ಲಿಲ್ವಾ ನಾವು?"

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕೇಳಿ ಹೊನ್ನವಳ್ಳಿಯಿಂದ ಭಾವಮೈದುನನೂ ಮುಖ ಇಳಿಬಿಟ್ಟುಕೊಂಡು ಬಸ್ಸಿಳಿದ. ಇನ್ನೇನು ಮಾಡಲಿ? ಅಷ್ಟೂ ಜನರನ್ನು ತೋಟಕ್ಕೆ ಕರೆದುಕೊಂಡು ಹೋದೆ. ಎರಡು ಕೈಯಲ್ಲೂ ಹುಲ್ಲು ಕಿತ್ತು ಎತ್ತಿ ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿದೆ: "ಕಣ್ಬುಟ್ಟು ನೋಡ್ರಪ್ಪ! ಹೆಂಗ್ ಬೆಳ್ದೈತೆ ಕಳೆ! ಇಂಥಾ ಕಳೆ ಈ ಸೀಮೇಲಿ ಇನ್ಯಾರ ತೋಟದಾಗಾದ್ರೂ ಐತಾ?"