ಪಟ್ಟು ಬಿಡದ ಚಿಂತೆಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರಿಗೆ ವಾರಕ್ಕೊಂದು ದಿನ ಹೋಗಿ, ಚಿಂತೆ ಹಚ್ಚಿಕೊಂಡವರ ಜೊತೆ ಕೂತು ಮಾತಾಡುವುದು ನನ್ನ ನೌಕರಿ. ಅವರ ಮನಸ್ಸು ಹಿಡಿದದ್ದನ್ನು ಬಿಡುವುದಿಲ್ಲ, ನಾನು ಅವರನ್ನು ಬಿಡುವುದಿಲ್ಲ. ಆದರೂ ನಾನು ಹೇಳುವುದೊಂದು, ಅವರು ಮಾಡುವುದೊಂದು.

೧. ಕೀಲಿ

ಮಸ್ಕಿಯ ನಿವೃತ್ತ ಟೀಚರೊಬ್ಬರಿಗೆ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಬಸ್‌ಸ್ಟ್ಯಾಂಡಿಗೆ ಬಂದು ಬಂದು ತಿರುಗಿ ಹೋಗುತ್ತಿದ್ದರು. ಮಗಳ ಮನೆ ನೋಡಿ ವರ್ಷವಾಗಿತ್ತು.

"ಅನುಮಾನ ಬಂದ್ರ ಬರಲಿ, ಅದನ್ನ ಕಟ್ಟಿಕೊಂಡೇ ಬಸ್ ಹತ್ರಿ" ಎಂದೆ.

ಮುಂದಿನ ವಾರ ನಗುತ್ತ ಬಂದರು. "ಮಗಳ ಮನಿಗೆ ಹೋಗಿ ಬಂದ್ನಿರಿ. ಅನುಮಾನ ಬರಲೇ ಇಲ್ಲ."

"ಹೆಂಗ ಸಾಧ್ಯ ಆತ್ರಿ?"

"ಬೀಗ, ಕೀಲಿ ಎರಡೂ ಚೀಲದಾಗ ಹಾಕ್ಕೊಂಡು ಹೋಗಿದ್ನಿರಿ. ಬಾಗಿಲಿಗೆ ಹಾಕಿಲ್ಲ ಅನ್ನೋದು ಗ್ಯಾರಂಟಿ ಇತ್ತು."

೨. ಬೀಗರ ಮಾತು

ಲಿಂಗಸುಗೂರಿನ ಬಟ್ಟೆ ಅಂಗಡಿಯವರ ಮಗಳ ಮದುವೆಯಲ್ಲಿ ಮುದಗಲ್ಲಿನ ಬೀಗರು, "ಚಲೋ ಮಾಡೀರಿ ಬಿಡ್ರಿ" ಅಂದಿದ್ದರಂತೆ. ಚಲೋ ಮಾಡಿದ್ದು ಸರಿ, ಆ 'ಬಿಡ್ರಿ' ಯಾಕೆ ಬಂತು? ಒಂಬತ್ತು ವರ್ಷದಿಂದ ಅದನ್ನೇ ಮೆಲುಕು ಹಾಕುತ್ತಿದ್ದರು.

"ಎಷ್ಟು ಅಗಿದ್ರೂ ಅದರಾಗ ರಸ ಇಲ್ರಿ. ಬದೀಗಿಟ್ಟು ವ್ಯಾಪಾರ ನೋಡ್ರಿ. ಆಗದಿದ್ರ ಹೋಗಿ ಅವರನ್ನೇ ಕೇಳ್ರಿ" ಎಂದೆ.

ಬದಿಗಿಡುವ ಆಸಾಮಿಯೇ ಅಲ್ಲ, ಹೋಗಿ ಕೇಳಿದರು. ಮುಂದಿನ ವಾರ ನನ್ನೆದುರು ಇಬ್ಬರು ಕೂತಿದ್ದರು.

"ನಾ ಯಾಕ 'ಬಿಡ್ರಿ' ಅಂದ್ನೋ ನನಗೂ ತಿಳಿವಲ್ದು ಮೇಡಂ" ಎಂದರು ಬೀಗರು. "ನಾಕು ದಿನದಿಂದ ಊಟ ಸೇರವಲ್ದು."

೩. ಸ್ಕೂಟಿ

ಬಳಗಾನೂರಿನ ಒಬ್ಬ ಹೆಣ್ಣುಮಗಳು ಭತ್ತದ ನಾಟಿಗೆ ಹೋಗುವವಳು. ಸ್ಕೂಟಿ ಕಲಿಯುವ ಆಸೆ ಎರಡು ವರ್ಷದ್ದು, ಕಾಲುವೆಗೆ ಬಿದ್ದೇನೆಂಬ ಭಯವೂ ಎರಡು ವರ್ಷದ್ದು. ಭಯ ಪೂರ್ತಿ ಹೋದಮೇಲೆ ಹತ್ತುತ್ತೇನೆ ಎನ್ನುತ್ತಿದ್ದಳು.

"ಅದು ಹೋಗಂಗಿಲ್ಲವ್ವಾ. ನಡುಗಿಕೋತ ಹತ್ತು" ಎಂದು ಬೆನ್ನುಬಿದ್ದೆ. ಹತ್ತಿದಳು. ಎರಡು ಸಲ ಬಿದ್ದಳು, ಕಾಲುವೆಗಲ್ಲ, ತಿಪ್ಪೆಗೆ. ಮತ್ತೆ ಹತ್ತಿದಳು.

ಸ್ವಲ್ಪ ದಿನಕ್ಕೆ ಸಿಂಧನೂರಿನ ಮಹಿಳೆಯರ ಸಭೆಯಲ್ಲಿ ಭಯದ ಬಗ್ಗೆ ನನ್ನ ಭಾಷಣ. ಅಷ್ಟು ಜನರನ್ನು ಕಂಡದ್ದೇ ಬಾಯಿ ಒಣಗಿತು, ಕೈಯಲ್ಲಿನ ಕಾಗದ ಅಲುಗಾಡತೊಡಗಿತು. "ಎರಡು ನಿಮಿಷ, ಸುಧಾರಿಸ್ಕೊಂಡು ಬರ್ತೀನಿ" ಎಂದು ವೇದಿಕೆಯ ಮೆಟ್ಟಿಲ ಕಡೆ ತಿರುಗಿದೆ. ಮುಂದಿನ ಸಾಲಿನಿಂದ ಆಕೆ ಎದ್ದು ನಿಂತಳು.

"ಇಳೀಬ್ಯಾಡ್ರಿ ಮೇಡಂ. ನಡುಗಿಕೋತ ಮಾತಾಡ್ರಿ. ನಾ ಮನಿತನಕ ಬಿಟ್ಟು ಬರ್ತೀನಿ."

ನಡುಗುತ್ತಲೇ ಅರ್ಧ ತಾಸು ಮಾತಾಡಿದೆ. ಚಪ್ಪಾಳೆಯೂ ಬಂತು. ಆ ಖುಷಿಯಲ್ಲಿ ಅವಳ ಹಿಂದೆ ಸ್ಕೂಟಿ ಹತ್ತಿದೆ. ಎದುರಿಗೆ ಭತ್ತದ ಲಾರಿ ಬರುತ್ತಿತ್ತು. "ಸ್ವಲ್ಪ ಬ್ರೇಕ್ ಹಿಡಿಯವ್ವಾ" ಎಂದೆ.

"ಅದನ್ನ ಇನ್ನಾ ಕಲಿಯಾಕತ್ತೀನ್ರಿ" ಎಂದಳು.